ಡ್ರೈವರ್ರು ಹಿಂದೆ ನೋಡಿದ್ದು

ಈಜುಕೊಳದಲ್ಲಿ ಬೆಳೆದ ಸ್ನೇಹಕ್ಕೆ ಒಂದು ವಿಚಿತ್ರ ತೊಡಕುಂಟು. ಒಣಗಿದ ಮೇಲೆ ಯಾರ ಗುರುತೂ ಸಿಗುವುದಿಲ್ಲ. ತಲೆಗೆ ರಬ್ಬರ್ ಟೋಪಿ, ಕಣ್ಣಿಗೆ ನೀರಿನ ಕನ್ನಡಕ, ಮೈತುಂಬ ನೀರು ಇದ್ದರೆ ಕೊಳದ ಆ ತುದಿಯಿಂದಲೇ ಇಂಥವರೆಂದು ಹೇಳಿಬಿಡಬಹುದು. ಅದೇ ಮನುಷ್ಯರು ತಲೆ ಬಾಚಿಕೊಂಡು, ಇಸ್ತ್ರಿ ಮಾಡಿದ ಅಂಗಿ ತೊಟ್ಟು ಬೀದಿಯಲ್ಲಿ ಎದುರಾದರೆ ಯಾರೋ ದಾರಿಹೋಕರು.

ಒಮ್ಮೆ ಚಪ್ಪಲಿ ಅಂಗಡಿಯಲ್ಲಿ ಕುಳಿತಿದ್ದೆ. ಪಕ್ಕದ ಸ್ಟೂಲಿನ ಮೇಲಿದ್ದ ದಪ್ಪನೆಯ ಆಸಾಮಿಯೊಬ್ಬರು, "ಏನ್ ಮೇಷ್ಟ್ರೇ, ಹೊಸ ಚಪ್ಪಲೀನಾ?" ಎಂದರು. ಯಾರೋ ಹಳೆಯ ವಿದ್ಯಾರ್ಥಿಯ ತಂದೆಯಿರಬೇಕೆಂದು ನಾನು ಹಲ್ಲುಕಿರಿದು, "ಹೌದು, ಎಲ್ಲಾ ಸೌಖ್ಯ ತಾನೆ, ಮಗ ಏನ್ ಮಾಡ್ತಿದಾನೆ?" ಎಂದೆ. ಅವರು ನನ್ನನ್ನೇ ಒಂದು ಗಳಿಗೆ ನೋಡಿದರು. ಆಮೇಲೆ ಕೈಯಲ್ಲಿದ್ದ ಬೂಟನ್ನು ಕೆಳಗಿಟ್ಟು, ಎರಡೂ ಅಂಗೈಗಳಿಂದ ಕೂದಲನ್ನು ಹಿಂದಕ್ಕೆ ತೀಡಿ, ಕೆನ್ನೆ ಉಬ್ಬಿಸಿ 'ಫೂ' ಎಂದು ಉಸಿರು ಬಿಟ್ಟರು.

"ಅಯ್ಯೋ, ಡ್ರೈವರ್ರೇ! ನೀವಾ!"

"ಇನ್ಯಾರು? ಬೆಳಗ್ಗೆ ತಾನೆ ನನ್ನ ಸೋಪು ತಗೊಂಡು ಮೈ ತೊಳ್ಕೊಂಡಿದೀರಿ, ಮಧ್ಯಾಹ್ನಕ್ಕೆ ಮರ್ತೇಬಿಟ್ರಿ."

ಅಂಗಡಿಯವನು ನಮ್ಮಿಬ್ಬರನ್ನೂ ಅನುಮಾನದಿಂದ ನೋಡಿದ. ಈ ಡ್ರೈವರ್ರ ಕಥೆಯನ್ನೇ ಈಗ ಹೇಳಹೊರಟಿದ್ದೇನೆ.

ಅವರು ಆಯುಷ್ಯದ ಬಹುಪಾಲು ನಗರದ ಬಸ್ಸು ಓಡಿಸಿದವರು. ನಿವೃತ್ತರಾದ ಮೇಲೆ ಅವರ ಕಾಲು ಮಾತ್ರ ನಿವೃತ್ತವಾಗಲಿಲ್ಲ. ಅಡುಗೆಮನೆಯ ಕಿಟಕಿಯ ಬಳಿ ಕುಳಿತು ಬೀದಿಯನ್ನು ನೋಡುವರು. ಯಾವನಾದರೂ ಸೈಕಲ್ಲಿನವನು ಅಡ್ಡ ಬಂದರೆ ಇವರ ಬಲಗಾಲು ಬ್ರೇಕು ಒತ್ತುವುದು. ಎದುರಿಗೆ ತರಕಾರಿ ಹೆಚ್ಚುತ್ತ ಕುಳಿತ ಹೆಂಡತಿಯ ಪಾದ ದಿನಕ್ಕೆ ಹತ್ತು ಸಲ ಅದಕ್ಕೆ ಬಲಿಯಾಗುತ್ತಿತ್ತು. "ಇನ್ನು ಒಂದು ತಿಂಗಳು ಹೀಗೇ ಆದ್ರೆ ನಾನು ಕುಂಟಿ ಆಗ್ತೀನಿ. ಎಲ್ಲಾದ್ರೂ ಹೋಗಿ ಕಾಲು ಆಡಿಸ್ಕೊಂಡು ಬನ್ನಿ" ಎಂದು ಆಕೆಯೇ ಒಂದು ಟವೆಲ್ ಕೊಟ್ಟು ಪುರಸಭೆಯ ಈಜುಕೊಳಕ್ಕೆ ಅಟ್ಟಿದರು.

ಆ ಕೊಳ ಅಂಥ ದೊಡ್ಡದೇನಲ್ಲ. ನೀಲಿ ಬಿಲ್ಲೆಗಳು ಅಲ್ಲಲ್ಲಿ ಕಿತ್ತುಬಂದಿವೆ. ಬಟ್ಟೆ ಬದಲಾಯಿಸುವ ಕೋಣೆಯ ಬಾಗಿಲು ಒದ್ದರೆ ಮಾತ್ರ ತೆರೆಯುತ್ತದೆ. ಗೋಡೆಯ ಮೇಲೊಂದು ದೊಡ್ಡ ಗಡಿಯಾರ. ಅದಕ್ಕಿರುವುದು ಒಂದೇ ಕೆಂಪು ಮುಳ್ಳು, ಅದು ಸೆಕೆಂಡುಗಳನ್ನಷ್ಟೇ ತೋರಿಸುತ್ತದೆ. ಬೆಳಗಿನ ಹೊತ್ತು ಅಲ್ಲಿ ಸೇರುವ ನಮ್ಮಂಥ ವಯಸ್ಸಾದವರ ಗುಂಪಿಗೆ ಬಿಸಿ ಚಹಾದ ಫ್ಲಾಸ್ಕು, ಬ್ರೆಡ್ಡು, ಬಾಳೆಹಣ್ಣು, ಪಕ್ಕದವರ ಮೊಣಕಾಲಿನ ಸಮಾಚಾರ, ಇವೆಲ್ಲವೂ ಈಜಿನಷ್ಟೇ ಮುಖ್ಯ. ಈಜು ಮುಗಿದ ಮೇಲೆ ಗೋಡೆಯ ಬದಿಯ ಬೆಂಚಿನಲ್ಲಿ ಕಣ್ಣ ಸುತ್ತ ಕನ್ನಡಕದ ಉಂಗುರ ಮೂಡಿಸಿಕೊಂಡು ಗೂಬೆಗಳ ಹಾಗೆ ಸಾಲಾಗಿ ಕೂರುತ್ತೇವೆ. ಅಲ್ಲಿ ಆಗುವಷ್ಟು ನಗು ನಮ್ಮ ನಮ್ಮ ಮನೆಗಳಲ್ಲಿ ವಾರಪೂರ್ತಿ ಆಗುವುದೋ ಇಲ್ಲವೋ.

ಡ್ರೈವರ್ರು ಬಂದ ಮೊದಲ ದಿನವೇ ಅವರ ವೇಗವನ್ನು ಕಂಡು ನಾವು ಬಾಯಿ ಬಿಟ್ಟೆವು. ಹೊಟ್ಟೆ ಮುಂದಕ್ಕೆ ಬಂದಿದ್ದರೇನು, ಆ ತೋಳುಗಳು ದಶಕಗಳ ಕಾಲ ದೊಡ್ಡ ಚಕ್ರ ತಿರುಗಿಸಿದ ತೋಳುಗಳು. ಅವರ ಅಂಗೈ ನೀರನ್ನು ಸಲಿಕೆಯಂತೆ ಎಳೆಯುತ್ತಿತ್ತು. ಆದರೆ ನಡತೆಯಲ್ಲಿ ಅವರು ಬಸ್ಸನ್ನು ಬಿಟ್ಟಿರಲಿಲ್ಲ. ಲೇನಿನಲ್ಲಿ ಎಡಬದಿ ಬಿಟ್ಟು ಕದಲುತ್ತಿರಲಿಲ್ಲ. ಹಿಂದಿನಿಂದ ಯಾರಾದರೂ ಬಂದರೆ ತಾವು ಬದಿಗೆ ಸರಿದು, ನೀರಿನಿಂದ ಕೈ ಎತ್ತಿ 'ಹೋಗಿ' ಎಂದು ಸನ್ನೆ ಮಾಡುತ್ತಿದ್ದರು.

ನಮ್ಮ ಗುಂಪಿನ ನಾಯಕಿ ಸಿಸ್ಟರ್. ಹೆರಿಗೆ ವಾರ್ಡಿನಲ್ಲಿ ನರ್ಸಾಗಿದ್ದವರು, ಊರಿನ ಅರ್ಧ ಮಕ್ಕಳು ಮೊದಲು ಕಂಡ ಮುಖ ಅವರದೇ. ದಡದ ಮೇಲೆ ನಿಂತು ಅವರು ಹುರಿದುಂಬಿಸುವುದನ್ನು ಕೇಳಬೇಕು: "ಉಸಿರು ಬಿಡಿ! ತಳ್ಳಿ! ಇನ್ನೊಂದು ಸಲ ತಳ್ಳಿ! ಆಯ್ತು, ಆಯ್ತು, ಬಂತು, ಬಂತು!" ಹೊಸಬರು ನೀರೊಳಗೇ ಕಂಗಾಲಾಗುತ್ತಿದ್ದರು.

ಸಿಸ್ಟರೇ ಡ್ರೈವರ್ರನ್ನು ಮಾಸ್ಟರ್ಸ್ ಸ್ಪರ್ಧೆಗೆ ಎಳೆದು ತಂದರು. ಈ ಮಾಸ್ಟರ್ಸ್ ಈಜು ಎಂಬುದು ದೊಡ್ಡವರ ಪಂದ್ಯ. ಐದೈದು ವರ್ಷಕ್ಕೊಂದು ವರ್ಗ ಮಾಡಿ, ಅವರವರ ಓರಗೆಯವರೊಡನೆ ಈಜಿಸುತ್ತಾರೆ. ಇದರಿಂದಾಗಿ ನಮ್ಮಲ್ಲಿ ವಯಸ್ಸಾಗುವುದೆಂದರೆ ಹಬ್ಬ. ಅರವತ್ತೊಂಬತ್ತರವನು ತನ್ನ ವರ್ಗದಲ್ಲಿ ಎಲ್ಲರಿಗಿಂತ ಮುದುಕ; ಎಪ್ಪತ್ತು ತುಂಬಿದ ದಿನ ಮುಂದಿನ ವರ್ಗಕ್ಕೆ ಹೋಗಿ ಅಲ್ಲಿಯ ಎಳೆಯ ಹುಡುಗನಾಗುತ್ತಾನೆ. "ಎಪ್ಪತ್ತಾಯ್ತಂತೆ, ಅದೃಷ್ಟವಂತರು ಬಿಡಿ" ಎಂದು ನಾವು ಹೊಟ್ಟೆಕಿಚ್ಚುಪಡುವುದನ್ನು ಕೇಳಿ ಹೊರಗಿನವರು ನಮಗೆ ತಲೆ ಕೆಟ್ಟಿದೆಯೆಂದು ತಿಳಿಯುತ್ತಾರೆ.

ಡ್ರೈವರ್ರ ಮೊದಲ ಪಂದ್ಯವನ್ನು ನಾನು ಮರೆಯಲಾರೆ. ಎಲ್ಲರೂ ಹಾರುವ ಕಟ್ಟೆಯ ಮೇಲೆ ಬಗ್ಗಿ ನಿಂತರು. ಹಾರನ್ನು ಕೂಗಿತು. ಉಳಿದವರೆಲ್ಲ ನೀರಿಗೆ ಬಿದ್ದರು. ಡ್ರೈವರ್ರು ಬೀಳಲಿಲ್ಲ. ಎಡಕ್ಕೊಮ್ಮೆ ನೋಡಿದರು, ಬಲಕ್ಕೊಮ್ಮೆ ನೋಡಿದರು, ಕತ್ತನ್ನು ಪೂರ್ತಿ ತಿರುಗಿಸಿ ಹಿಂದಕ್ಕೊಮ್ಮೆ ನೋಡಿದರು. ಹಿಂದೆ ಕುರ್ಚಿಯ ಮೇಲೆ ಕುಳಿತಿದ್ದ ಸಮಯಪಾಲಕಿ ಗಾಬರಿಯಾಗಿ ತಾನೂ ಹಿಂದಕ್ಕೆ ನೋಡಿದಳು. ಎಲ್ಲ ಸರಿಯಿದೆಯೆಂದು ಖಾತ್ರಿಯಾದ ಮೇಲೆಯೇ ಇವರು ಹಾರಿದ್ದು.

ಅಷ್ಟಾದರೂ ಎರಡನೆಯವರಾಗಿ ಬಂದರು! ಮೊದಲು ಬಂದವರು ಹೊಳೆಯಾಚೆಯ ತಂಡದ ಹಲ್ಲಿನ ಡಾಕ್ಟರು. ನೀರಿನಲ್ಲಿ ಇಬ್ಬರ ನಡುವೆ ಉಳಿದಿದ್ದ ಅಂತರ ಒಂದು ಕೈ ಉದ್ದ ಮಾತ್ರ. ಡಾಕ್ಟರು ಕನ್ನಡಕ ಹಣೆಗೇರಿಸಿ, "ಏನ್ ಡ್ರೈವರ್ರೇ, ಲೇಟಾಗಿ ಹೊರಟ್ರಿ? ಟ್ರಾಫಿಕ್ ಇತ್ತಾ?" ಎಂದರು. ದಡದವರೆಲ್ಲ ನಕ್ಕರು. ಡ್ರೈವರ್ರೂ ನಕ್ಕರು, ಆ ಸಲ.

ಎರಡನೆಯ ವರ್ಷವೂ ಅದೇ ಆಯಿತು, ಮೂರನೆಯ ವರ್ಷವೂ ಅದೇ. ಅದೇ ಒಂದು ಕೈ ಅಂತರ, ಅದೇ ಟ್ರಾಫಿಕ್ಕಿನ ಮಾತು. ತಮ್ಮೊಬ್ಬರ ಪಂದ್ಯ ಸೋತಿದ್ದರೆ ಡ್ರೈವರ್ರು ತಲೆಕೆಡಿಸಿಕೊಳ್ಳುತ್ತಿರಲಿಲ್ಲ. ಆದರೆ ನಮ್ಮ ರಿಲೇಯೂ ಅವರ ಕತ್ತಿಗೇ ತಗಲಿಹಾಕಿಕೊಂಡಿತ್ತು. ಇಬ್ಬರು ಗಂಡಸರು, ಇಬ್ಬರು ಹೆಂಗಸರು ಸೇರಿ ಒಬ್ಬರಾದ ಮೇಲೊಬ್ಬರು ಈಜುವ ಪಂದ್ಯವದು. ಮುಂಚಿನವರು ಬಂದು ಗೋಡೆ ಮುಟ್ಟಿದ ಮೇಲೆ ಮುಂದಿನವರು ಹಾರಬೇಕು. ಕೊನೆಯ ಸರದಿ ಡ್ರೈವರ್ರದು. ಸಿಸ್ಟರ್ ಬೆವರು ಸುರಿಸಿ ಗಳಿಸಿದ ಮುನ್ನಡೆಯೆಲ್ಲ ಆ ಒಂದು ನೋಟದಲ್ಲಿ ಹೋಗಿಬಿಡುತ್ತಿತ್ತು.

ಈ ಚಾಳಿಗೆ ನಾವು ಮದ್ದು ಮಾಡದೆ ಬಿಡಲಿಲ್ಲ. ಗಾಡಿಯ ಕುದುರೆಗೆ ಕಟ್ಟುವ ಹಾಗೆ ಸಿಸ್ಟರ್ ಅವರ ಕನ್ನಡಕದ ಎರಡು ಬದಿಗೂ ಕಪ್ಪು ಪಟ್ಟಿ ಅಂಟಿಸಿದರು. ಪಕ್ಕ ಕಾಣುವುದಿಲ್ಲವೆಂದು ಅವರು ಇನ್ನೂ ಹೆಚ್ಚು ತಿರುಗಿ ನೋಡಿದರು. ಹೆಂಡತಿ ಮನೆಯಲ್ಲಿ ಪಾಠ ಹೇಳಿದರು: ಆಕೆ ಒಲೆಯ ಬಳಿಯಿಂದ 'ಹೂಂ' ಎಂದ ತಕ್ಷಣ ಇವರು ಕುರ್ಚಿ ಬಿಟ್ಟು ಎದ್ದು ಬರಬೇಕು. "ಕುರ್ಚಿಯಿಂದ ಏಳೋವಾಗ್ಲೂ ಹಿಂದೆ ನೋಡ್ತಾರಲ್ರೀ" ಎಂದು ಆಕೆ ನನ್ನೊಡನೆ ಹಣೆ ಚಚ್ಚಿಕೊಂಡರು. "ಹಿಂದೆ ಗೋಡೆ ಇದೆ. ಗೋಡೆ ಏನ್ ಇವರನ್ನ ಓವರ್‌ಟೇಕ್ ಮಾಡುತ್ತಾ?"

ಮೂರನೆಯ ಸಲ ರಿಲೇ ಸೋತು ಬಂದ ಸಂಜೆ ಡ್ರೈವರ್ರು ಚಹಾ ಮುಟ್ಟಲಿಲ್ಲ. "ಮುಂದಿನ ವರ್ಷ ಇನ್ನೊಂದು ಸಲ ನೋಡ್ತೀನಿ ಸಿಸ್ಟರ್. ಆಗ್ಲೂ ಕತ್ತು ತಿರುಗಿದ್ರೆ ಟೋಪಿ ಬಿಚ್ಚಿಟ್ಟೆ ಅಂತ ತಿಳ್ಕೊಳ್ಳಿ. ನಿಮ್ಮ ಮೂರು ಜನದ ಶ್ರಮ ಹಾಳು ಮಾಡೋಕೆ ನಾನ್ಯಾಕೆ ಬರ್ಲಿ? ಬೆಂಚಿಗೂ ಬರಲ್ಲ." ತಮಾಷೆಯ ಮನುಷ್ಯ ಗಂಭೀರವಾಗಿ ಮಾತಾಡಿದರೆ ಎದುರಾಡುವುದು ಕಷ್ಟ. ಅವರಿಲ್ಲದ ಬೆಂಚನ್ನು ನೆನೆಸಿಕೊಳ್ಳಲೂ ನನಗೆ ಮನಸ್ಸಾಗಲಿಲ್ಲ.

ಆ ಮುಂದಿನ ವರ್ಷ ಬರುವುದರೊಳಗೆ ಇನ್ನೊಂದು ಏಟು ಬಿತ್ತು. ಸಿಸ್ಟರ್, ನಾನು, ಡ್ರೈವರ್ರು ಬಿಟ್ಟರೆ ನಮ್ಮ ತಂಡದ ನಾಲ್ಕನೆಯವರಾದ ಹೊಲಿಗೆ ಅಂಗಡಿಯ ಅಕ್ಕ ಹೊಳೆಯಾಚೆಗೆ ಮನೆ ಬದಲಾಯಿಸಿ, ಅಲ್ಲಿಯ ತಂಡಕ್ಕೇ ಸೇರಿಬಿಟ್ಟರು. "ಮನೆ ಹತ್ರದ ಕೊಳ ಬಿಟ್ಟು ಎರಡು ಬಸ್ ಹತ್ತಿ ಬರೋಕಾಗುತ್ತಾ? ಬೈಕೊಳ್ಳಿ, ಪರವಾಗಿಲ್ಲ" ಎಂದರು. ನಾವು ಮನಸಾರೆ ಬೈದುಕೊಂಡೆವು.

ಈಗ ಒಬ್ಬ ಹೆಂಗಸು ಬೇಕು. ರಿಲೇಯಲ್ಲಿ ನಾಲ್ವರ ವಯಸ್ಸನ್ನೂ ಕೂಡಿ ವರ್ಗ ಗೊತ್ತುಮಾಡುತ್ತಾರೆ. ನಮ್ಮದು ಎಲ್ಲಕ್ಕಿಂತ ಹಿರಿಯ ವರ್ಗ; ನಮ್ಮ ವಯಸ್ಸನ್ನೆಲ್ಲ ಕೂಡಿದರೆ ಒಂದು ರಾಜವಂಶದ ಚರಿತ್ರೆಯಾಗುತ್ತದೆ. ಹಾಗಾಗಿ ಮೀನಿನಂತೆ ಈಜುವ ನಲವತ್ತರ ಹೆಂಗಸೊಬ್ಬಳು ತಾನೇ ಬಂದು ಕೇಳಿದಾಗ ಸಿಸ್ಟರ್ ಅವಳ ಬೆನ್ನು ತಟ್ಟಿ, "ನಿನಗಿನ್ನೂ ಪ್ರಾಯ ಸಾಲದಮ್ಮ, ಬೆಳೆದು ಬಾ" ಎಂದು ಕಳಿಸಿದರು.

ದಾರಿ ತೋರಿಸಿದವರು ಡ್ರೈವರ್ರ ಹೆಂಡತಿ. "ನಿಮ್ಮ ಬಸ್ಸಿನ ಕಂಡಕ್ಟರಮ್ಮ ಇಲ್ವಾ? ಹೊಳೆ ದಡದಲ್ಲೇ ಹುಟ್ಟಿದೋರು, ಚಿಕ್ಕೋರಿದ್ದಾಗ ದಿನಾ ಈಜ್ತಿದ್ರಂತೆ. ವಯಸ್ಸಂತೂ ಬೇಕಾದಷ್ಟಿದೆ."

ಕಂಡಕ್ಟರಮ್ಮನ ಮನೆಗೆ ಸಿಸ್ಟರೂ ನಾನೂ ಹೋದೆವು. ಡ್ರೈವರ್ರ ಬಸ್ಸಿನಲ್ಲಿ ಬಹಳ ವರ್ಷ ಟಿಕೆಟ್ ಹರಿದವರು ಅವರು. ಎತ್ತರದ ಸಣಕಲು ಮೈ, ಆದರೆ ದನಿ ಮಾತ್ರ ಬಸ್ಸಿನ ಹಿಂಬಾಗಿಲಿನಿಂದ ಮುಂಬಾಗಿಲಿಗೆ ಮುಟ್ಟುವಂಥದ್ದು. ನಿಂತ ನೆಲ ಅಲುಗಾಡುತ್ತಿದೆಯೇನೋ ಎಂಬಂತೆ ಕಾಲು ಅಗಲಿಸಿ ನಿಲ್ಲುವ ಅಭ್ಯಾಸ ಇನ್ನೂ ಹೋಗಿರಲಿಲ್ಲ. ಕಪಾಟಿನ ಬಟ್ಟೆ ಜೋಡಿಸುತ್ತಿದ್ದವರು ನಮ್ಮ ಮಾತು ಕೇಳಿ ಮಂಚದ ಮೇಲೆ ಕುಸಿದು ನಗತೊಡಗಿದರು.

"ಈ ವಯಸ್ಸಲ್ಲಿ ನಾನು ಚಡ್ಡಿ ಹಾಕ್ಕೊಂಡು ಜನರ ಮುಂದೆ ನೀರಿಗೆ ಬೀಳ್ಬೇಕಾ? ನನ್ನ ಮೊಮ್ಮಗಳು ಶಾಲೆಗೆ ಹೋಗೋದೇ ಬಿಟ್ಟಾಳು!"

"ಮೊಣಕಾಲು ಮುಚ್ಚೋ ಉಡುಪೂ ಇದೆ" ಎಂದರು ಸಿಸ್ಟರ್. "ಒಂದ್ಸಲ ನೀರಿಗಿಳಿದ್ಮೇಲೆ ಯಾರೂ ಯಾರನ್ನೂ ನೋಡಲ್ಲ. ಎಲ್ಲರಿಗೂ ಅವರವರ ಉಸಿರಿನ ಚಿಂತೆ."

"ಡ್ರೈವರ್ರು ಏನಂತಾರೆ?"

"ಬಂದ್ರೆ ಬರ್ಲಿ, ಬರದಿದ್ರೆ ತೊಂದರೆ ಇಲ್ಲ ಅಂದ್ರು."

"ಹಾಗಂದ್ರಾ? ಹಾಗಾದ್ರೆ ಅವರಿಗೆ ಬಹಳ ಆಸೆ ಇದೆ ಅಂತ ಅರ್ಥ" ಎಂದು ಅವರು ಎದ್ದು ನಿಂತರು. "ಟವೆಲ್ ನಾನೇ ತರ್ಬೇಕಾ, ನೀವು ಕೊಡ್ತೀರಾ?"

ಕಂಡಕ್ಟರಮ್ಮ ಬಂದ ಮೇಲೆ ಕೊಳದ ರಂಗೇ ಬದಲಾಯಿತು. ತಲೆಯನ್ನು ನೀರಿನ ಮೇಲೇ ಎತ್ತಿ ಹಿಡಿದು ಕಪ್ಪೆ ಈಜು ಈಜುತ್ತ, ಸುತ್ತ ಕಣ್ಣಾಡಿಸುತ್ತಲೇ ಸಾಗುವರು. ಲೇನಿನ ತುದಿಯಲ್ಲಿ ನಾಲ್ಕು ಜನ ಹರಟೆ ಹೊಡೆಯುತ್ತ ನಿಂತರೆ, "ಒಳಗೆ ಹೋಗಿ, ಒಳಗೆ ಹೋಗಿ, ಮಧ್ಯೆ ಜಾಗ ಖಾಲಿ ಇದೆ!" ಎಂದು ಕೂಗುವರು. ಜನ ಮಾತಿಲ್ಲದೆ ಸರಿಯುತ್ತಿದ್ದರು. ಬೆಂಚಿನ ಮೇಲೆ ಫ್ಲಾಸ್ಕು ಹಿಡಿದು ಒಬ್ಬೊಬ್ಬರಿಗೂ ಚಹಾ ಹಂಚುವಾಗ, "ಯಾರು ತಗೊಂಡಿಲ್ಲ, ಯಾರು ತಗೊಂಡಿಲ್ಲ?" ಎಂದು ಕೊನೆಯವರೆಗೂ ಕೇಳಿಕೊಂಡು ಹೋಗುತ್ತಿದ್ದರು. ಡ್ರೈವರ್ರಂತೂ ಹತ್ತು ವರ್ಷ ಚಿಕ್ಕವರಾದಂತೆ ಕಂಡರು. ಇಬ್ಬರೂ ಹಳೆಯ ಪ್ರಯಾಣಿಕರ ಕಥೆಗಳನ್ನು ತೆಗೆದರೆ ನಮ್ಮ ಟೋಪಿಗಳು ತಲೆಯ ಮೇಲೇ ಒಣಗುತ್ತಿದ್ದವು.

ಆದರೆ ಅವರ ಈಜು ನಿಧಾನ. ನಮ್ಮಲ್ಲಿ ನಿಧಾನದವರನ್ನು ಮೊದಲಿಗೆ ಬಿಟ್ಟು, ಆದ ನಷ್ಟವನ್ನು ಉಳಿದವರು ತುಂಬುವುದೆಂದು ಸಿಸ್ಟರ್ ಗೊತ್ತುಮಾಡಿದರು. ಮೊದಲು ಕಂಡಕ್ಟರಮ್ಮ, ಆಮೇಲೆ ನಾನು, ಆಮೇಲೆ ಸಿಸ್ಟರ್, ಕೊನೆಗೆ ಡ್ರೈವರ್ರು. ಅಭ್ಯಾಸದಲ್ಲೂ ಡ್ರೈವರ್ರ ಕತ್ತು ತಿರುಗುತ್ತಲೇ ಇತ್ತು. ಕಂಡಕ್ಟರಮ್ಮ ಅದನ್ನು ಒಮ್ಮೆಯೂ ಕಾಣಲಿಲ್ಲ. ತಮ್ಮ ಸರದಿ ಮುಗಿದದ್ದೇ ತಡ, ಬೆಂಚಿನ ಮೇಲೆ ಅಂಗಾತ ಮಲಗಿ, ಮುಖದ ಮೇಲೆ ಟವೆಲ್ ಎಳೆದುಕೊಂಡು, "ನನ್ನನ್ನ ಯಾರೂ ಮಾತಾಡಿಸ್ಬೇಡಿ" ಎಂದುಬಿಡುತ್ತಿದ್ದರು. ಇಂಥದ್ದೊಂದು ರೋಗವಿದೆಯೆಂದು ಅವರಿಗೆ ನಾವಾದರೂ ಹೇಳಬೇಕಿತ್ತು. ಡ್ರೈವರ್ರಿಗೆ ಮುಜುಗರವಾದೀತೆಂದು ಯಾರೂ ಬಾಯಿ ಬಿಡಲಿಲ್ಲ.

ಪಂದ್ಯದ ದಿನ ಬಂತು. ಆ ವರ್ಷ ಅದು ದೊಡ್ಡ ಕ್ರೀಡಾಂಗಣದ ಒಳಕೊಳದಲ್ಲಿ ನಡೆಯಿತು. ಮೈಕಿನ ಗದ್ದಲ, ಒದ್ದೆ ನೆಲ, ಮೂಗಿಗೆ ಅಡರುವ ಕ್ಲೋರಿನ್ ವಾಸನೆ, ಎಲ್ಲಿ ನೋಡಿದರಲ್ಲಿ ಬಣ್ಣಬಣ್ಣದ ಟೋಪಿಗಳು. ತೊಂಬತ್ತು ಸಮೀಪಿಸಿದ ಅಜ್ಜಿಯೊಬ್ಬರು ತಮ್ಮ ಪಂದ್ಯವನ್ನು ಒಬ್ಬರೇ ಈಜಿ, ಗೆದ್ದು, ಎಲ್ಲರ ಚಪ್ಪಾಳೆಗೂ ಕೈ ಬೀಸಿದರು. "ನೋಡಿ, ಬದುಕಿದ್ರೆ ಸಾಕು, ಪದಕ ತಾನೇ ಬರುತ್ತೆ" ಎಂದರು ಸಿಸ್ಟರ್. ಹೊಲಿಗೆ ಅಂಗಡಿಯ ಅಕ್ಕ ಹೊಳೆಯಾಚೆಯವರ ಕೆಂಪು ಟೋಪಿ ಹಾಕಿಕೊಂಡು ಬಂದು, ನಾಚಿಕೆಯಿಲ್ಲದೆ ನಮ್ಮ ಬುಟ್ಟಿಯಿಂದಲೇ ಬಾಳೆಹಣ್ಣು ತೆಗೆದುಕೊಂಡರು.

ಬೆಳಗ್ಗೆ ಡ್ರೈವರ್ರ ಒಬ್ಬಂಟಿ ಪಂದ್ಯ. ಕಟ್ಟೆ ಹತ್ತುವ ಮುಂಚೆ ಅವರು, "ಇವತ್ತು ನೋಡಲ್ಲ, ನೋಡಲ್ಲ, ನೋಡಲ್ಲ" ಎಂದು ಗೊಣಗುತ್ತಿದ್ದುದು ನನಗೆ ಕೇಳಿಸಿತು. ಹಾರನ್ನು ಕೂಗಿತು. ಅವರ ಕತ್ತು ಎಡಕ್ಕೆ ಹೋಯಿತು, ಬಲಕ್ಕೆ ಹೋಯಿತು, ಹಿಂದಕ್ಕೆ ಹೋಯಿತು. ಹಲ್ಲಿನ ಡಾಕ್ಟರು ಮತ್ತೆ ಮೊದಲು ಬಂದರು.

ಡ್ರೈವರ್ರು ನೀರಿನಿಂದ ಎದ್ದು ನೇರವಾಗಿ ನಮ್ಮ ಬಳಿ ಬಂದರು. ತಲೆಯ ಟೋಪಿಯನ್ನು ಕಿತ್ತು ಸಿಸ್ಟರ ಕೈಗಿಟ್ಟರು.

"ಮುಗೀತು ಸಿಸ್ಟರ್. ಮಧ್ಯಾಹ್ನ ರಿಲೇಗೆ ನನ್ನನ್ನ ಕರೀಬೇಡಿ."

"ನೀವಿಲ್ದೆ ನಾವು ಮೂರೇ ಜನ. ತಂಡವೇ ಇರಲ್ಲ."

"ಇದ್ದು ಸೋಲೋದಕ್ಕಿಂತ ಇಲ್ದೇ ಇರೋದು ವಾಸಿ. ಮನಸ್ಸು ಬೇಡ ಅನ್ನುತ್ತೆ, ಕತ್ತು ಕೇಳಲ್ಲ. ನಾನೇನ್ ಮಾಡ್ಲಿ?"

ಹೆಂಡತಿ ಫ್ಲಾಸ್ಕಿನ ಮುಚ್ಚಳಕ್ಕೆ ಚಹಾ ಬಗ್ಗಿಸಿ ಅವರ ಕಡೆ ಹಿಡಿದರು. ಆಗ ಹಿಂದಿನಿಂದ ಕಂಡಕ್ಟರಮ್ಮನ ದನಿ ಬಂತು. ಅವರು ಇವತ್ತೇ ಮೊದಲ ಸಲ ಇದನ್ನು ಕಣ್ಣಾರೆ ಕಂಡಿದ್ದರು.

"ಏನ್ರೀ ಡ್ರೈವರ್ರೇ, ಇದ್ಯಾವಾಗ ಮತ್ತೆ ಶುರುವಾಯ್ತು?"

"ಯಾವುದು?"

"ಈ ತಿರುಗಿ ನೋಡೋದು. ನನ್ನ ಬಸ್ಸಲ್ಲಿ ನೀವು ಒಂದು ದಿನಾನೂ ಹಿಂದೆ ನೋಡಿದೋರಲ್ಲ."

ನಾವೆಲ್ಲ ಅವರ ಕಡೆ ತಿರುಗಿದೆವು. ಡ್ರೈವರ್ರು ತಲೆ ತಗ್ಗಿಸಿ ಟವೆಲಿನ ಅಂಚನ್ನು ಹಿಂಡತೊಡಗಿದರು. ಕಂಡಕ್ಟರಮ್ಮನೇ ನಮಗೆ ವಿಷಯ ಬಿಡಿಸಿ ಹೇಳಿದರು.

ಡ್ರೈವರ್ರು ಹೊಸದಾಗಿ ಕೆಲಸಕ್ಕೆ ಸೇರಿದಾಗ, ಆಗಿನ ಕಂಡಕ್ಟರ್ 'ರೈಟ್' ಎಂದನೆಂದು ಬಸ್ಸು ಬಿಟ್ಟಿದ್ದರಂತೆ. ಒಬ್ಬ ಮುದುಕರ ಕೊಡೆ ಬಾಗಿಲಿಗೆ ಸಿಕ್ಕಿ, ಅವರು ನಾಲ್ಕು ಹೆಜ್ಜೆ ಓಡಿ ಬಿದ್ದರು. ಮೊಣಕಾಲು ತರಚಿದ್ದು ಬಿಟ್ಟರೆ ಏನೂ ಆಗಲಿಲ್ಲ. ಮರುದಿನ ಅದೇ ಬಸ್ಸಿಗೆ ಬಂದು ಅವರೇ ಇವರಿಗೆ ಸಮಾಧಾನ ಹೇಳಿದರು. ಆದರೆ ಅಂದಿನಿಂದ ಡ್ರೈವರ್ರಿಗೆ ಯಾರ 'ರೈಟ್' ಮೇಲೂ ನಂಬಿಕೆ ಉಳಿಯಲಿಲ್ಲ. ಕನ್ನಡಿ ಸಾಲದೆಂದು ಸೀಟಿನಲ್ಲೇ ಕತ್ತು ತಿರುಗಿಸಿ ಎಡ, ಬಲ, ಹಿಂದೆ ನೋಡಿಯೇ ಹೊರಡುವುದು ರೂಢಿಯಾಯಿತು.

"ನಾನು ಇವರ ಬಸ್ಸಿಗೆ ಬಂದ ಮೊದಲ ದಿನ, ರೈಟ್ ಅಂದೆ. ಇವರು ಕತ್ತು ಹಿಂದಕ್ಕೆ ತಿರುಗಿಸಿದ್ರು. ನನಗೆ ಸಿಟ್ಟು ಬಂತು. ತುಂಬಿದ ಬಸ್ಸಲ್ಲಿ ಜನರನ್ನ ತಳ್ಳಿಕೊಂಡು ಮುಂದೆ ಬಂದು ಹೇಳ್ದೆ: ನೋಡಿ ಸ್ವಾಮಿ, ಹಿಂದಿನದು ನಂದು, ಮುಂದಿನದು ನಿಮ್ಮದು. ನಾನು ರೈಟ್ ಅಂದ್ಮೇಲೆ ನೀವು ಹಿಂದೆ ನೋಡಿದ್ರೆ, ನಾಳೆಯಿಂದ ನೀವೇ ಟಿಕೆಟ್ಟೂ ಕೊಡಿ."

"ಆಮೇಲೆ?" ಎಂದರು ಸಿಸ್ಟರ್.

"ಆಮೇಲೇನು, ಕನ್ನಡಿ ನೋಡೋರು, ಕತ್ತು ತಿರುಗಿಸ್ತಿರ್ಲಿಲ್ಲ. ನಾನು ನಿವೃತ್ತಿ ಆಗೋವರೆಗೂ."

"ನೀವು ಹೋದ್ಮೇಲೆ ಬಂದ ಹುಡುಗ ಫೋನ್ ನೋಡ್ಕೊಂಡೇ ರೈಟ್ ಅಂತಿದ್ದ" ಎಂದು ಡ್ರೈವರ್ರು ಮೆಲ್ಲಗೆ ಹೇಳಿದರು. "ಮತ್ತೆ ಶುರುವಾಯ್ತು."

ಸಿಸ್ಟರ್ ಒಂದು ಕ್ಷಣವೂ ತಡಮಾಡಲಿಲ್ಲ. ಸರದಿ ಬರೆದು ಕೊಡುವ ಚೀಟಿ ಇನ್ನೂ ಅವರ ಬಳಿಯೇ ಇತ್ತು. "ಮೇಷ್ಟ್ರೇ, ಪೆನ್ ಕೊಡಿ. ಮೊದಲು ನೀವು, ಆಮೇಲೆ ನಾನು. ಮೂರನೆಯದು ಕಂಡಕ್ಟರಮ್ಮ, ಕೊನೆಗೆ ಡ್ರೈವರ್ರು."

"ನಾನು ಮೂರನೆಯವಳಾದ್ರೆ ನೀವು ಗಳಿಸಿದ್ದೆಲ್ಲ ಕಳೀತೀನಲ್ಲ?"

"ಕಳೀರಿ. ಗೋಡೆ ಮುಟ್ಟಿದ ತಕ್ಷಣ ನಿಮ್ಮ ಕೆಲಸ ಏನು ಅಂತ ನಾನು ಹೇಳ್ಕೊಡ್ಬೇಕಾ?"

ಕಂಡಕ್ಟರಮ್ಮ ಸಿಸ್ಟರ ಕೈಯಲ್ಲಿದ್ದ ಟೋಪಿಯನ್ನು ತೆಗೆದುಕೊಂಡು ಡ್ರೈವರ್ರ ಕಡೆ ಚಾಚಿದರು. ಅವರು ತಕ್ಷಣ ತೆಗೆದುಕೊಳ್ಳಲಿಲ್ಲ. "ಮತ್ತೆ ತಿರುಗಿದ್ರೆ?" ಎಂದರು.

"ತಿರುಗಿದ್ರೆ ನಾನೂ ಟೋಪಿ ಬಿಚ್ಚಿಡ್ತೀನಿ. ಇಬ್ಬರೂ ಒಟ್ಟಿಗೇ ನಿವೃತ್ತಿ ಆಗೋಣ, ಹೋದ ಸಲ ಆಗ್ಲಿಲ್ಲ."

ಹೆಂಡತಿ ಫ್ಲಾಸ್ಕನ್ನು ಕೆಳಗಿಟ್ಟು, "ಹಾಕ್ಕೊಳ್ರೀ, ತಲೆ ಒಣಗಿದ್ರೆ ಇವರಿಗ್ಯಾರಿಗೂ ನಿಮ್ಮ ಗುರುತೇ ಸಿಗಲ್ಲ" ಎಂದರು. ಡ್ರೈವರ್ರು ಟೋಪಿ ಹಾಕಿಕೊಂಡರು.

ರಿಲೇ ಶುರುವಾಯಿತು. ಪ್ರತಿಯೊಬ್ಬರೂ ಕೊಳದ ಆ ತುದಿಗೆ ಹೋಗಿ ಮರಳಿ ಬರಬೇಕು. ನನ್ನ ಸರದಿಯ ಬಗ್ಗೆ ಹೇಳುವಂಥದ್ದೇನೂ ಇಲ್ಲ. ಹೊಳೆಯಾಚೆಯವರಿಗಿಂತ ಸ್ವಲ್ಪ ಹಿಂದೆ ಬಂದು ಗೋಡೆ ಮುಟ್ಟಿ, ಏಣಿ ಹತ್ತಿ ಮೇಲೆ ಬಂದೆ. ಸಿಸ್ಟರ್ ನನ್ನ ತಲೆಯ ಮೇಲಿಂದ ಹಾರಿದವರು ಹೊಲಿಗೆ ಅಂಗಡಿಯ ಅಕ್ಕನನ್ನು ಅರ್ಧ ದಾರಿಯಲ್ಲೇ ಹಿಂದೆ ಹಾಕಿದರು. ಮರಳುವಾಗ ನಮ್ಮ ಮುನ್ನಡೆ ಒಂದು ಬಸ್ಸಿನಷ್ಟು ಉದ್ದವಿತ್ತು.

ಕಂಡಕ್ಟರಮ್ಮ ಇಳಿದರು. ಹೋಗುವಾಗ ಮುನ್ನಡೆಯಿತ್ತು. ಬರುವಾಗ ಕರಗತೊಡಗಿತು. ಪಕ್ಕದ ಲೇನಿನವರು ಸಮೀಪಿಸಿದರು, ಸಮಕ್ಕೆ ಬಂದರು. ದಡದ ಮೇಲಿಂದ ಸಿಸ್ಟರ್, "ತಳ್ಳಿ! ತಳ್ಳಿ! ಬಂತು, ಬಂತು!" ಎಂದು ಕೂಗುತ್ತಿದ್ದರು. ಕೂಗಿ ಕೂಗಿ ಅವರ ದನಿ ಒಡೆದುಹೋಯಿತು. ಕಂಡಕ್ಟರಮ್ಮ ಎಂದಿನಂತೆ ತಲೆ ಎತ್ತಿಕೊಂಡೇ ಬರುತ್ತಿದ್ದರು. ಅವರ ಕಣ್ಣು ಗೋಡೆಯ ಮೇಲಲ್ಲ, ಕಟ್ಟೆಯ ಮೇಲೆ ಬಗ್ಗಿ ನಿಂತ ಡ್ರೈವರ್ರ ಮೇಲೆ ನೆಟ್ಟಿತ್ತು. ಪಕ್ಕದ ಕಟ್ಟೆಯ ಮೇಲೆ ಹಲ್ಲಿನ ಡಾಕ್ಟರು ತೋಳು ಬೀಸುತ್ತ ಸಿದ್ಧರಾದರು.

ಇಬ್ಬರೂ ಹೆಚ್ಚುಕಡಿಮೆ ಒಟ್ಟಿಗೇ ಬಂದರು. ಕಂಡಕ್ಟರಮ್ಮನ ಕೈ ಗೋಡೆಗೆ ಬಡಿಯಿತು. ಉಸಿರು ಉಳಿದಿರಲಿಲ್ಲ, ಬಾಯಲ್ಲಿ ನೀರು ತುಂಬಿತ್ತು. ಆದರೂ ಆ ದನಿ ಎಲ್ಲಿಂದಲೋ ಎದ್ದು ಬಂದು ಇಡೀ ಕೊಳದ ಮೇಲೆ ಮೊಳಗಿತು.

"ರೈಟ್!"

ಡ್ರೈವರ್ರು ಹೊರಟರು. ಎಡವಿಲ್ಲ, ಬಲವಿಲ್ಲ, ಹಿಂದಿಲ್ಲ. ಆ 'ರೈಟ್' ಅವರ ಕಿವಿಗೆ ಬಿದ್ದದ್ದಕ್ಕೂ ಅವರ ಹೊಟ್ಟೆ ನೀರಿಗೆ ಅಪ್ಪಳಿಸಿದ್ದಕ್ಕೂ ನಡುವೆ ಒಂದು ಕೂದಲು ತೂರಿಸುವಷ್ಟೂ ಜಾಗವಿರಲಿಲ್ಲ. ಹಾರಿದ ರೀತಿ ಅಂದವಾಗಿತ್ತೆಂದು ನಾನು ಹೇಳಲಾರೆ, ಅಕ್ಕಿ ಮೂಟೆ ಉರುಳಿದ ಹಾಗಿತ್ತು. ಮುಂದಿನ ಸಾಲಿನಲ್ಲಿ ಕುಳಿತವರೆಲ್ಲ ತೋಯ್ದರು. ಅವರ ಹೆಂಡತಿ ನನ್ನ ಒದ್ದೆ ತೋಳನ್ನು ಹಿಡಿದು, "ನೋಡ್ಲಿಲ್ಲ ಮೇಷ್ಟ್ರೇ, ನೋಡ್ಲೇ ಇಲ್ಲ!" ಎಂದು ಕುಣಿದಾಡುತ್ತಿದ್ದರು.

ಆ ತುದಿಗೆ ಹೋಗುವಾಗ ಇಬ್ಬರೂ ಸಮಸಮ. ತಿರುಗಿ ಬರುವಾಗ ಆ ಸಲಿಕೆಯಂಥ ಅಂಗೈಗಳು ಒಂದೊಂದು ಎಳೆತಕ್ಕೂ ಒಂದಿಷ್ಟು ದೂರ ಕಸಿದುಕೊಂಡವು. ಡ್ರೈವರ್ರು ಗೋಡೆ ಮುಟ್ಟಿದರು. ನಾವು ಕಿರುಚಿದ ಕಿರುಚಾಟಕ್ಕೆ ಮೈಕಿನವನ ಮಾತೇ ಕೇಳಿಸಲಿಲ್ಲ.

ಆದರೆ ಡ್ರೈವರ್ರು ಮಾತ್ರ ಅಲುಗಾಡಲಿಲ್ಲ. ಎರಡು ಕೈಯಿಂದಲೂ ಕೊಳದ ಅಂಚನ್ನು ಚಕ್ರದಂತೆ ಹಿಡಿದುಕೊಂಡು, ಮೂಗಿನೆದುರಿನ ಬಿಲ್ಲೆಯನ್ನೇ ದಿಟ್ಟಿಸುತ್ತ ನಿಂತಿದ್ದರು.

"ಏನಾಯ್ತು? ಯಾರು ಬಂದ್ರು?" ಎಂದು ಬಿಲ್ಲೆಯನ್ನೇ ಕೇಳಿದರು.

ನಾವು ಬಾಯಿ ತೆರೆಯುವುದರೊಳಗೆ ಸಿಸ್ಟರ್ ಕೈ ಅಡ್ಡ ಹಿಡಿದರು. ಏಣಿಯ ಬಳಿ ಇನ್ನೂ ಏದುಸಿರು ಬಿಡುತ್ತಿದ್ದ ಕಂಡಕ್ಟರಮ್ಮ ಟವೆಲ್ ಹೊದ್ದುಕೊಂಡು ಬಂದು ಅಂಚಿನಲ್ಲಿ ಕುಕ್ಕರಗಾಲಲ್ಲಿ ಕುಳಿತರು.

"ಡ್ರೈವರ್ರೇ, ಕೊನೇ ಸ್ಟಾಪು ಬಂತು. ಈಗ ನೋಡಿ."

ಡ್ರೈವರ್ರು ಎಡಕ್ಕೊಮ್ಮೆ ನೋಡಿದರು. ಬಲಕ್ಕೊಮ್ಮೆ ನೋಡಿದರು. ಆಮೇಲೆ ಕತ್ತನ್ನು ಪೂರ್ತಿಯಾಗಿ ತಿರುಗಿಸಿ, ಅವಸರವಿಲ್ಲದೆ, ಹಿಂದಕ್ಕೆ ನೋಡಿದರು. ಪಕ್ಕದ ಲೇನಿನಲ್ಲಿ ಹಲ್ಲಿನ ಡಾಕ್ಟರು ಕೊನೆಯ ಎರಡು ಕೈ ಹಾಕುತ್ತ ಬರುತ್ತಿದ್ದರು.

ಡಾಕ್ಟರು ಗೋಡೆ ಮುಟ್ಟಿ, ಕನ್ನಡಕ ಹಣೆಗೇರಿಸಿ, ಕಣ್ಣು ಪಿಳುಕಿಸಿದರು. ಡ್ರೈವರ್ರು ನಡುವಿನ ಹಗ್ಗದ ಮೇಲೆ ಮೊಣಕೈ ಊರಿಕೊಂಡು, ಬಹಳ ಮರ್ಯಾದೆಯಿಂದ ವಿಚಾರಿಸಿದರು:

"ಬನ್ನಿ ಡಾಕ್ಟ್ರೇ. ಲೇಟಾಯ್ತಲ್ಲ, ಟ್ರಾಫಿಕ್ ಇತ್ತಾ?"